ಮೊಟ್ಟೆ ಬಿಟ್ಟು ಕೊಟ್ಟ ತಟ್ಟೆ

ಅಬ್ಬಾಸಿಯಾದಲ್ಲಿ ಬೆಳಗಿನ ಹೊತ್ತು. ಎಷ್ಟೋ ವರ್ಷಗಳ ಮೇಲೆ ಕೆಲಸದ ನೆವದಲ್ಲಿ ಕುವೈತಿಗೆ ಬಂದ ನನ್ನನ್ನು ಹಳೆಯ ರೂಮ್‌ಮೇಟ್ ಈರಣ್ಣ ನೇರವಾಗಿ ಈ ಈಜಿಪ್ಟಿನವನ ಅಂಗಡಿಗೆ ಎಳೆದು ತಂದಿದ್ದಾನೆ. ಅದೇ ಉದ್ದ ಕೊರಳಿನ ಹಂಡೆ, ಅದರೊಳಗೆ ಮೆತ್ತಗೆ ಬೆಂದ ಫೂಲ್ ಎಂಬ ಕಾಳು, ಅದೇ ಜೀರಿಗೆಯ ಘಮ.

“ಇದನ್ನ ತಿಂದು ಜಿಮ್ಮಿಗೆ ಓಡ್ತಿದ್ದಿ, ನೆನಪೈತೇನಲೇ?” ಎಂದ ಈರಣ್ಣ.

ಮರೆಯುವುದುಂಟೆ? ಆಗ ಜಿಮ್ಮಿನಲ್ಲಿ ಎಲ್ಲರ ಬಾಯಲ್ಲೂ ಕೋಳಿ, ಟ್ಯೂನಾ. ನಾನೋ ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಹುಡುಗ. ಊರಿಂದ ತಂದ ಮಡಕಿಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ, ಸದಾ ಏಸಿ ಓಡುವ ರೂಮಿನ ಥಂಡಿಗೆ ಮೊಳಕೆಯೇ ಒಡೆಯುತ್ತಿರಲಿಲ್ಲ. ನನ್ನ ತೋಳು ಬೆಳೆಸಿದ್ದು ಈ ಹಂಡೆಯೇ. ಇಲ್ಲಿ ಫೂಲ್ ಮೇಲೊಂದು ಬೇಯಿಸಿದ ಮೊಟ್ಟೆ ಇಟ್ಟು ಕೊಡುವುದು ರೂಢಿ. ನನಗೆ ಮಾತ್ರ ಅಂಗಡಿಯವನು ಮೊಟ್ಟೆ ಬಿಟ್ಟು, ಬದಲಿಗೆ ಇನ್ನೊಂದು ಸೌಟು ಕಾಳು ಸುರಿಯುತ್ತಿದ್ದ.

ಈಗ ಅವನ ಮೀಸೆ ಬೆಳ್ಳಗಾಗಿದೆ. ನಾನು ಹುಬ್ಬಳ್ಳಿಯ ಟ್ರೇನರ್ ಮಾತು ಕೇಳಿ ದಿನಾ ಮೊಟ್ಟೆ ತಿನ್ನುವವನಾಗಿದ್ದೇನೆ. ನಿನ್ನೆಯಷ್ಟೇ ಈರಣ್ಣನಿಗೆ ಅದನ್ನು ಜಂಬದಿಂದ ಹೇಳಿದ್ದೆ.

ತಟ್ಟೆ ತಂದ ಮುದುಕ ನನ್ನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ನನ್ನ ತಟ್ಟೆಯ ಮೊಟ್ಟೆಯನ್ನೆತ್ತಿ ಈರಣ್ಣನ ತಟ್ಟೆಗೆ ಹಾಕಿದ. ಹಂಡೆಯ ಬಳಿ ಹೋಗಿ ಸೌಟು ತುಂಬಾ ಕಾಳು ತಂದು ಸುರಿದ.

“ಅಂಡಾ ಮಾಫಿ, ಸದೀಕ್. ಮಾಲೂಮ್!” ಎಂದ. ಮೊಟ್ಟೆ ಬೇಡವೆಂದು ತನಗೆ ಗೊತ್ತು ಗೆಳೆಯಾ ಎಂಬ ಹೆಮ್ಮೆ ಅವನ ಕಣ್ಣಲ್ಲಿ.

“ಏ ಸದೀಕ್, ಇಂವಾ ಈಗ...” ಎಂದು ಈರಣ್ಣ ಬಾಯಿ ತೆಗೆದ.

ಮೇಜಿನ ಕೆಳಗೆ ಅವನ ಕಾಲು ತುಳಿದೆ.