ಕಪ್ಪು ಚೌಕಗಳು ನುಂಗಿದ ಒತ್ತು

ಕುರುಗೋಡಿನ ಅರುಣಾ ಹನ್ನೊಂದು ವರ್ಷ ಬಳ್ಳಾರಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದಳು. ಅದು ಮುಚ್ಚಿದ ಮೇಲೆ ಅದೇ ಊರಿನ ಪಾರ್ವತಿನಗರದ ಸಣ್ಣ ಕಂಪನಿಯೊಂದು ಅವಳ ಕಣ್ಣನ್ನು ನಂಬಿ ಕೆಲಸ ಕೊಟ್ಟಿತು. ಅಲ್ಲಿ ಹೊಸ ಬ್ರೌಸರೊಂದರ ಪರೀಕ್ಷೆ ನಡೆಯುತ್ತಿತ್ತು. ಒಂದೇ ಪುಟವನ್ನು ಮೂರು ಬಗೆಯ ಕಂಪ್ಯೂಟರುಗಳಲ್ಲಿ ತೆರೆದು, ಮೂಡಿದ್ದನ್ನು 'ಹೀಗಿರಬೇಕು' ಎಂದು ಮೊದಲೇ ತೆಗೆದಿಟ್ಟ ಚಿತ್ರದ ಜೊತೆ ಹೋಲಿಸುವುದು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಗುರುತು.

ತೊಂದರೆ ಏನೆಂದರೆ, ಮೂರೂ ಕಂಪ್ಯೂಟರುಗಳು ಅಕ್ಷರಗಳನ್ನು ತಮ್ಮ ತಮ್ಮ ರೀತಿಯಲ್ಲಿ ಬಿಡಿಸುತ್ತಿದ್ದವು. ಏನೂ ಕೆಡದಿದ್ದರೂ ದಿನಾ ನೂರಾರು ಕೆಂಪು. ಅರುಣಾ ಪರೀಕ್ಷೆಯ ಪುಟಗಳಿಗೆಲ್ಲ ಬರೀ ಕಪ್ಪು ಚೌಕಗಳಿರುವ ಫಾಂಟ್ ಹಾಕಿದಳು. ಚೌಕ ಎಲ್ಲಿ ಬಿಡಿಸಿದರೂ ಚೌಕವೇ. ಮರುದಿನ ಎಲ್ಲವೂ ಹಸಿರು.

"ಎರಡು ವರ್ಷದ ತಲಿನೋವು ಹೋತು ನೋಡ್ರಿ ಮೇಡಂ," ಎಂದು ಮುಖ್ಯಸ್ಥ ಸಮ್ರಾಟ್ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದ.

ಏಳು ತಿಂಗಳ ಮೇಲೆ ಅಕ್ಕ ಕೊಟ್ರಮ್ಮನ ಫೋನ್ ಬಂತು. ಆಕೆ ಸಿರುಗುಪ್ಪದಲ್ಲಿ ಟೀಚರ್.

"ಲೇ ಅರುಣಾ, ನಿಮ್ಮ ಬ್ರೌಸರ್‌ನಾಗ ನಮ್ಮ ಸಾಲಿ ಹುಡುಗರ ಗುರುತಿನ ಚೀಟಿ ಮಾಡಿದ್ವಿ. ಅಚ್ಚಾಗಿ ಬಂದಾವ. ಎರ್ರಣ್ಣ ಎರಣ ಆಗ್ಯಾನ, ಜಡೆಪ್ಪ ಜಡೆಪ. ಕೆಳಗ ನನ್ನ ಹೆಸರೂ ಕೊಟಮ ಆಗೇತಿ!"

ಅಕ್ಕ ಕಳಿಸಿದ ಫೋಟೋವನ್ನು ಅರುಣಾ ದೊಡ್ಡದು ಮಾಡಿ ನೋಡಿದಳು. ಒತ್ತಕ್ಷರಗಳನ್ನು ಯಾರೋ ಬ್ಲೇಡಿನಿಂದ ಕೊಯ್ದಂತಿತ್ತು. ಪರೀಕ್ಷೆಯ ಪಟ್ಟಿ ತೆರೆದಳು. ಹಸಿರು, ಎಲ್ಲವೂ ಹಸಿರು. ಚೌಕಕ್ಕೆ ಎಲ್ಲಿಯ ಒತ್ತು? ಹಳೆಯ ದಾಖಲೆ ಕೆದಕಿದಾಗ ಇನ್ನೊಂದು ಪೆಟ್ಟು ಬಿತ್ತು. ಅವಳು ಚೌಕ ಹಾಕಿದ ಮರುವಾರವೇ ಯಾರೋ ಸಾಲಿನ ಎತ್ತರ ತಗ್ಗಿಸಿ, ಕೆಳಗಿಳಿಯುವ ಒತ್ತಿಗೆ ಜಾಗವಿಲ್ಲದಂತೆ ಮಾಡಿದ್ದರು. ಅವಳು ಕನ್ನಡದ ಪುಟವನ್ನು ಅಕ್ಷರದಲ್ಲೇ ಉಳಿಸಿದ್ದರೆ ಅದು ಅಂದೇ ಕಣ್ಣಿಗೆ ಬೀಳುತ್ತಿತ್ತು. ಕರಡಿನಲ್ಲಿ ಒಂದು ಒತ್ತು ಬಿಟ್ಟರೆ ನಿದ್ದೆ ಬರದಿದ್ದವಳು ಒಂದು ಭಾಷೆಯ ಒತ್ತುಗಳನ್ನೇ ಬಿಟ್ಟಿದ್ದಳು.

"ವರದಿಯೊಳಗ ತಪ್ಪು ಯಾರದಂತ ಬರೀಲಿ?" ಸಮ್ರಾಟ್ ಕೇಳಿದ.

"ನಂದ್ರಿ. ನನ್ನ ಹೆಸರಽ ಬರೀರಿ."

ಆ ವಾರ ಅವಳು ಬೇರೆ ರೀತಿಯ ಪರೀಕ್ಷೆ ರೂಪಿಸಿದಳು. ಒಂದು ಕಂಪ್ಯೂಟರಿನ ಅಕ್ಷರವನ್ನು ಇನ್ನೊಂದರ ಜೊತೆ ಹೋಲಿಸುವುದನ್ನೇ ಬಿಟ್ಟಳು. ಅದೇ ಕಂಪ್ಯೂಟರಿನಲ್ಲಿ ಎರಡು ಪುಟ: ಒಂದರಲ್ಲಿ ಅಕ್ಕನ ಹೆಸರು ಮಾಮೂಲಿ ಚೌಕಟ್ಟಿನೊಳಗೆ, ಇನ್ನೊಂದರಲ್ಲಿ ಸುತ್ತಲೂ ಧಾರಾಳ ಜಾಗ ಬಿಟ್ಟು. ಎರಡೂ ಕಡೆ ಹೆಸರು ಒಂದೇ ಥರ ಕಾಣಬೇಕು; ಚೌಕಟ್ಟು ಒತ್ತನ್ನು ಕೊಯ್ದರೆ ಕೆಂಪು. ಅಕ್ಷರ ಯಾವ ಶೈಲಿಯಲ್ಲಿ ಮೂಡಿದರೂ ಈ ನಿಯಮ ಮೂರೂ ಕಂಪ್ಯೂಟರುಗಳಿಗೆ ಸಲ್ಲುತ್ತದೆ.

ಸಿರುಗುಪ್ಪದಲ್ಲಿರುವಂಥ ಕಂಪ್ಯೂಟರ್ ಒಂದೇ ಕೆಂಪಾಗಬಹುದೆಂದು ಅವಳು ಕಾದಳು. ಮೂರೂ ಕೆಂಪಾದವು. ಉಳಿದೆರಡರಲ್ಲಿ ಒತ್ತಿನ ತುದಿಯಷ್ಟೇ ಸವೆದಿತ್ತು. ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವಳ ಕಣ್ಣಿಗೂ.

"ಅಯ್ಯೋ ದೇವರೇ," ಎಂದ ಸಮ್ರಾಟ್ ಕುರ್ಚಿ ಎಳೆದು ಪಕ್ಕದಲ್ಲೇ ಕೂತ.

ಐದು ವಾರಕ್ಕೆ ಕನ್ನಡ ಸರಿಹೋಯಿತು. ಕೊಟ್ರಮ್ಮ ಚೀಟಿಗಳನ್ನೆಲ್ಲ ಮತ್ತೆ ಅಚ್ಚು ಹಾಕಿಸಿದಳು. ಅರುಣಾ ತೆಲುಗಿಗೂ ಉರ್ದುವಿಗೂ ಅಂಥದೇ ಪುಟ ಬರೆದಳು. ತೆಲುಗು ಹಸಿರಾಯಿತು. ಉರ್ದು ಇನ್ನೂ ದಿನಾ ಕೆಂಪು. ಅದನ್ನು ಪಟ್ಟಿಯಿಂದ ತೆಗೆಯಲು ಅವಳು ಯಾರಿಗೂ ಬಿಟ್ಟಿಲ್ಲ.