ಶಲ್ಯದ ಮರೆಯ ಪಗಾರ

ನನ್ನ ಮೊದಲ ಪಗಾರ ಎಷ್ಟೆಂಬುದು ಒಂದು ತಿಂಗಳ ತನಕ ನನಗೇ ಗೊತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮಪ್ಪ.

ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತಿದು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಬೆಳಗಾವಿಯಲ್ಲಿ ಖೋಲಿ ಹಿಡಿದು ಎರಡು ವರ್ಷ ಇಂಗ್ಲಿಷ್ ಕಲಿತು, ಹತ್ತೊಂಬತ್ತನೆಯ ವಯಸ್ಸಿಗೇ ದೊಡ್ಡ ಮನುಷ್ಯನಾದೆನೆಂದು ತಿಳಿದಿದ್ದೆ. ಬೆಳಗಾವಿಗೆ ಅಂಟಿಕೊಂಡೇ ಇರುವ ಶಹಾಪುರದ ಸೀರೆ ವ್ಯಾಪಾರಿಯೊಬ್ಬರಿಗೆ ಪತ್ರ ಬರೆಯುವ ಗುಮಾಸ್ತ ಬೇಕಾಗಿದ್ದ. ನನ್ನ ಜೊತೆ ಕಲಿತವನೊಬ್ಬನಿಗೆ ಬೇರೆ ಅಂಗಡಿಯಲ್ಲಿ ಹದಿನೈದು ರೂಪಾಯಿ ಸಿಕ್ಕಿತ್ತು. ಅವನ ಅಕ್ಷರವೋ, ಕೋಳಿ ಕೆದರಿದ ಹಾಗೆ. ನಾನಂತೂ ಹದಿನೈದಕ್ಕೆ ಒಂದು ಪೈ ಕಡಿಮೆಯಾದರೂ ಒಪ್ಪುವವನಲ್ಲ ಎಂದು ಶಪಥ ಮಾಡಿಕೊಂಡಿದ್ದೆ.

ಅಪ್ಪ ಪಾರಿಶ್ವಾಡದ ರೈತ. ಎತ್ತು ಕೊಳ್ಳುವುದರಲ್ಲಿ, ಮಾರುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು. ತಾನೂ ಬರುತ್ತೇನೆಂದು ಹಟ ಹಿಡಿದು ಹೊರಟ. ಖಾನಾಪುರದಲ್ಲಿ ರೈಲು ಹತ್ತಿದಾಗಿನಿಂದ ನಾನು ಹದಿನೈದು, ಹದಿನೈದು ಎಂದು ಗುನುಗುತ್ತಲೇ ಇದ್ದೆ.

"ಪಗಾರದ್ದು ನೀ ಬಾಯಿ ಬಿಡಬ್ಯಾಡ," ಎಂದ ಅಪ್ಪ.

ಅಂಗಡಿಯಲ್ಲಿ ಸೀರೆ ಸಾವುಕಾರರು ನನ್ನಿಂದ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಪತ್ರ ಬರೆಸಿ, ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಅಕ್ಷರ ಚಲೋ ಅದಾವು. ಪಗಾರ ಏನ ಕೊಡಬೇಕಪಾ ನಿನಗ?" ಎಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಪ್ಪ ಹೆಗಲ ಶಲ್ಯ ತೆಗೆದು, ಬಲಗೈ ಮೇಲೆ ಹೊದಿಸಿ, ಅವರ ಮುಂದೆ ಚಾಚಿದ. ಎತ್ತಿನ ಪೇಟೆಯಲ್ಲಿ ಬೆಲೆ ಕುದುರಿಸುವ ರೀತಿ ಅದು. ಬಟ್ಟೆಯ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ರೇಟು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು. ಸಾವುಕಾರರು ಹೊಟ್ಟೆ ಕುಣಿಸಿ ನಕ್ಕು ಒಳಗೆ ಕೈ ತೂರಿಸಿದರು.

ನನ್ನ ಕಿವಿ ಬಿಸಿಯಾದವು. ಇನ್ನು ಎತ್ತಿನ ಹಾಗೆ ನನ್ನ ಹಲ್ಲು ಎಣಿಸುವುದೊಂದು ಬಾಕಿ! ಶಲ್ಯ ಅಲುಗಿತು, ನಿಂತಿತು. ಅಪ್ಪ ಸಾವುಕಾರರ ಕಿವಿಯಲ್ಲಿ ಏನೋ ಹೇಳಿದ. ಶಲ್ಯ ಇನ್ನೊಮ್ಮೆ ಅಲುಗಿತು. "ಆತು," ಎಂದರು ಇಬ್ಬರೂ.

ಹೊರಗೆ ಬಂದು ಎಷ್ಟು ಎಂದು ಕೇಳಿದೆ. "ಎತ್ತು ಎಂದಾರ ತನ್ನ ರೇಟ ಕೇಳತೈತೇನೋ?" ಎಂದು ನಕ್ಕ.

ಕೆಲಸ ಸುಖವಾಗಿತ್ತು. ಸಂಜೆ ಗಿರಾಕಿ ತುಂಬುವ ಹೊತ್ತಿಗೇ, ಬಿಸಿಲು ಇಳಿಯುತ್ತಲೇ, ಸಾವುಕಾರರು "ನೀ ಹೊಂಡಪಾ" ಎಂದು ನನ್ನೊಬ್ಬನನ್ನು ದಿನಾ ಕಳಿಸಿಬಿಡುತ್ತಿದ್ದರು. ಉಳಿದವರು ದೀಪ ಹಚ್ಚಿಕೊಂಡು ದುಡಿಯುತ್ತಿದ್ದರು. ಇದು ನನ್ನ ಅಕ್ಷರದ ಮಹಿಮೆ ಎಂದುಕೊಂಡೆ. ಗೆಳೆಯರೊಡನೆ ಕೋಟೆಯ ಕಡೆ ತಿರುಗಾಡಿ, ಕತ್ತಲಾದ ಮೇಲೆ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಕಲಿಯಲು ಬಂದಾಗಲೇ ನಾನು ಆ ವ್ರತ ಬಿಟ್ಟಿದ್ದೆ. ಊರಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ತಿಂಗಳು ತುಂಬಿದ ದಿನ ಸಾವುಕಾರರು ನನ್ನ ಕೈಯಲ್ಲಿ ಹನ್ನೆರಡು ರೂಪಾಯಿ ಇಟ್ಟರು. ಎಲ್ಲಿಲ್ಲದ ಸಿಟ್ಟು ಬಂತು. "ಹತ್ತೂರಾಗ ಎತ್ತು ಮಾರಿದಾಂವ, ಮಗನ್ನ ಹನ್ನೆರಡಕ್ಕ ಕೊಟ್ಟನೇನ್ರಿ?" ಎಂದೇಬಿಟ್ಟೆ.

"ಸುಮ್ನಿರೋ," ಎಂದರು ಅವರು. "ನಿಮ್ಮಪ್ಪ ಹದಿನೈದು ಅಂತ ಬೆರಳ ಹಿಡದಾ, ನಾನೂ ಹೂಂ ಅಂದೆ. ಆಮ್ಯಾಲ ಕಿವ್ಯಾಗ, 'ನನ್ನ ಮಗಾ ಹೊತ್ತ ಮುಳಗಿದ ಮ್ಯಾಲ ಉಣ್ಣಂಗಿಲ್ರಿ, ಹಸಕೊಂಡ ಮಲಗತಾನ. ಬೆಳಕಿದ್ದಾಗ ಊಟಕ್ಕ ಬಿಡ್ರಿ' ಅಂತ ಹೇಳಿ, ತಾನಾಗೇ ಮೂರ ಬೆರಳ ಬಿಟ್ಟಾ."

ಎತ್ತಿನ ವ್ಯಾಪಾರದಲ್ಲಿ ಎಂಟಾಣೆ ಬಿಡದ ಮನುಷ್ಯ! ನನ್ನ ಬಗ್ಗೆ ನಾಚಿಕೆಯಾಯಿತು, ಅಪ್ಪನ ಮೇಲೆ ಪ್ರೀತಿ ಉಕ್ಕಿ ಬಂತು. ಗೆಳೆಯರು ಕೋಟೆಯ ಕಡೆ ಕರೆದರು; ಹೋಗಲಿಲ್ಲ. ನೆಟ್ಟಗೆ ಖಾನಾವಳಿಗೆ ನಡೆದೆ. ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು.

"ಇವತ್ತ್ಯಾಕೋ ತಮ್ಮಾ ಇಷ್ಟ ಲಗೂ? ಇನ್ನೂ ರೊಟ್ಟಿ ಬಡದಿಲ್ಲ," ಎಂದಳು ಖಾನಾವಳಿ ನಡೆಸುವ ಅಕ್ಕ.

"ಬಡೀರಿ ಅಕ್ಕಾರ, ಹೊತ್ತ ಮುಳಗೂದ್ರಾಗ ಉಣಬೇಕು," ಎಂದು ಕುಳಿತೆ. "ಈ ಬೆಳಕಿಗೆ ನಮ್ಮಪ್ಪ ತಿಂಗಳಾ ಮೂರು ರೂಪಾಯಿ ಕೊಡಾಕತ್ತಾನ."