ಕಾಣೆಯಾದವನ ಬಗ್ಗೆ ದೊಡ್ಡಪ್ಪ ನುಡಿದ ಸಾಕ್ಷಿ

ನಮ್ಮ ದೊಡ್ಡಪ್ಪ ವಾಯುಪಡೆಯಿಂದ ನಿವೃತ್ತರಾಗಿ ತುಮಕೂರಿನ ಅಂಚಿನ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ್ದು ಐವತ್ತರ ದಶಕದ ನಡುವಿನಲ್ಲಿ. ವಿಲಾಯಿತಿಗೆ ಹೋಗಿ ವಿಮಾನ ಹಾರಿಸುವುದನ್ನು ಕಲಿತು, ವಾಯವ್ಯ ಗಡಿಯ ಬೆಟ್ಟಗಳಲ್ಲಿ ಮೊದಲ ಸೇವೆ ಸಲ್ಲಿಸಿ, ಮಹಾಯುದ್ಧದಲ್ಲಿ ಬರ್ಮಾ ರಂಗದ ವಿಮಾನದಳವೊಂದರ ನಾಯಕರಾಗಿ, ಸ್ವಾತಂತ್ರ್ಯಾನಂತರ ಏರ್ ಕಮೋಡೋರ್ ಪದವಿಯವರೆಗೆ ಏರಿದವರು. ಅವರು ಬಂದ ವರ್ಷ ಊರಿನ ಪ್ರತಿಯೊಂದು ಸಭೆಗೂ ಅವರೇ ಅಧ್ಯಕ್ಷರು. ಹಾರ, ಶಾಲು, ಹಣ್ಣಿನ ತಟ್ಟೆ. ಭಾಷಣ ಮಾಡಿದವರೆಲ್ಲ ಅವರ ಶೌರ್ಯವನ್ನು ಹೊಗಳಿದರು. ಅವರ ಬಾಂಬುಗಳು ಗಡಿನಾಡಿನ ಯಾರ ಮಣ್ಣಿನ ಮನೆಗಳ ಮೇಲೆ ಬಿದ್ದವು, ಯಾರ ಸಾಮ್ರಾಜ್ಯಕ್ಕಾಗಿ ಬಿದ್ದವು ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವಳು ನಾನು. ಆಗ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಅಧ್ಯಾಪಕಿ. ಬಾಲ್ಯವಿವಾಹದ ವಿರುದ್ಧ, ವಿಧವೆಯರ ತಲೆ ಬೋಳಿಸುವ ಪದ್ಧತಿಯ ವಿರುದ್ಧ ಶಿರಾ ಗೇಟಿನಲ್ಲಿ ನಿಂತು ಕರಪತ್ರ ಹಂಚುತ್ತಿದ್ದೆ. ದೊಡ್ಡಪ್ಪ ಮದುವೆಯಾಗಿರಲಿಲ್ಲ, ನಾನು ಅವರ ಮನೆಯಲ್ಲೇ ಇದ್ದೆ. ನನ್ನ ಪ್ರಶ್ನೆಗೆ ಅವರು ಸಿಟ್ಟಾಗಲಿಲ್ಲ. "ನೀನು ಕೇಳೋದು ಸರಿ ಕಣೇ," ಎಂದು ಕನ್ನಡಕ ಒರೆಸಿಕೊಂಡರು, ಅಷ್ಟೆ.

ಒಂದು ಭಾನುವಾರ ಗುಬ್ಬಿಯಿಂದ ಒಬ್ಬರು ಬಂದರು. ಅವರ ಅಣ್ಣ ದೊಡ್ಡಪ್ಪನ ದಳದಲ್ಲಿ ವಿಮಾನ ಚಾಲಕರಾಗಿದ್ದವರು. ಯುದ್ಧದಲ್ಲಿ ಕಾಣೆಯಾದರೆಂದು ಮನೆಗೆ ತಂತಿ ಬಂದಿತ್ತು, ಆಮೇಲೆ ಏನೂ ಬರಲಿಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಎಣಿಸಿ, ದರ್ಭೆ ಮತ್ತು ಮುತ್ತುಗದ ಕಡ್ಡಿಗಳಿಂದ ಆಕೃತಿ ಕಟ್ಟಿ, ತಲೆಯ ಜಾಗಕ್ಕೆ ತೆಂಗಿನಕಾಯಿ ಇಟ್ಟು ದಹನ ಮಾಡುವುದು ಅವರ ಮನೆತನದ ಪದ್ಧತಿ. ಆ ಗಡುವು ಮುಗಿದಿತ್ತು. ಆದರೂ ತಾಯಿ ಒಪ್ಪುತ್ತಿರಲಿಲ್ಲ. "ಅವರ ನಾಯಕರೇ ಬಂದು ಹೇಳ್ಲಿ, ಆಮೇಲೆ ನೋಡೋಣ ಅಂತ ಹಟ ಹಿಡಿದಿದಾರೆ ಅಮ್ಮ. ತಾವು ಒಂದು ಮಾತು ಬಂದು ಹೇಳ್ಬಿಟ್ರೆ ನಮಗೆ ದಾರಿ ಆಗತ್ತೆ," ಎಂದರು.

"ನಿಮ್ಮ ಅತ್ತಿಗೆಯವರ ಗತಿ?" ಎಂದು ನಾನು ಕೇಳಿದೆ.

ಅವರು ನನ್ನತ್ತ ನೋಡದೆ ದೊಡ್ಡಪ್ಪನಿಗೆ ಉತ್ತರಿಸಿದರು. "ಮನೆತನದ ಪದ್ಧತಿ ಹೇಗೋ ಹಾಗೆ, ಸಾರ್. ಹತ್ತನೇ ದಿನ ಎಲ್ಲ ಆಗಬೇಕಲ್ಲ."

'ಎಲ್ಲ' ಎಂದರೆ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಕ್ಷೌರಿಕನನ್ನು ಕರೆಸಿ ತಲೆ ಬೋಳಿಸುವುದು. ಕಾಣೆಯಾದವರ ಹೆಂಡತಿಯನ್ನು ನಾನು ಬಲ್ಲೆ. ಬಾಲ್ಯದಲ್ಲೇ ಮದುವೆಯಾಗಿ ಗಂಡನೊಂದಿಗೆ ಸರಿಯಾಗಿ ಸಂಸಾರವನ್ನೂ ಮಾಡದೆ, ಅತ್ತೆಯ ಮನೆಯಲ್ಲಿದ್ದುಕೊಂಡೇ ಪರೀಕ್ಷೆಗಳನ್ನು ಕಟ್ಟಿ ಗುಬ್ಬಿಯ ಶಾಲೆಯಲ್ಲಿ ಉಪಾಧ್ಯಾಯಿನಿಯಾದವರು. ತಲೆ ಬೋಳಿಸಿಕೊಂಡು ಕೆಂಪು ಸೀರೆಯುಟ್ಟ ಹೆಣ್ಣನ್ನು ಆ ಮನೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಒಬ್ಬ ಮನುಷ್ಯನ ಸಾವನ್ನು ಒಪ್ಪಿಕೊಳ್ಳಲು ಬದುಕಿರುವ ಹೆಣ್ಣೊಬ್ಬಳನ್ನು ಹೂಳುವ ಏರ್ಪಾಡು ಅದು. ಇದನ್ನು ಆಕೆಯ ಆ ಮೈದುನನ ಮುಖದ ಮೇಲೆಯೇ ಹೇಳಿದೆ. "ಇವೆಲ್ಲ ಪೇಪರ್‌ಗೆ ಬರೀರಮ್ಮ, ಚೆನ್ನಾಗಿರತ್ತೆ," ಎಂದು ಎದ್ದು ಹೋದರು.

ಆ ವಾರ ದೊಡ್ಡಪ್ಪ ನನ್ನನ್ನು ಕುಣಿಗಲ್ಲಿಗೆ ಕರೆದೊಯ್ದರು. ಅಲ್ಲಿನ ಫಾರಂನ ಕುದುರೆಗಳನ್ನು ನೋಡುವುದು ಅವರ ರೂಢಿ. ಆ ದಿನ ಕುದುರೆಗಳತ್ತ ಹೋಗಲಿಲ್ಲ; ಕೆರೆಯ ಏರಿಯ ಮೇಲೆ ಕಾರು ನಿಲ್ಲಿಸಿ ಮಾತಾಡಿದರು. ಮಳೆಗಾಲದ ಒಂದು ಬೆಳಗ್ಗೆ, ಶತ್ರುಗಳು ನದಿ ದಾಟಿದ್ದಾರೆಯೇ ಎಂದು ನೋಡಿ ಬರಲು ಮೇಲಿನಿಂದ ಆಜ್ಞೆ ಬಂತು. ಮೋಡ ಬೆಟ್ಟಗಳ ಸೊಂಟದವರೆಗೆ ಇಳಿದಿತ್ತು. ಹಾರುವಂತಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಭಾರತೀಯ ಅಧಿಕಾರಿ ಅಂಜಿದ ಎನಿಸಿಕೊಳ್ಳಬಾರದೆಂಬ ಹಟ. ಎರಡು ವಿಮಾನ ಹೊರಟವು. ಮುಂದಿನದರಲ್ಲಿ ಅವರು, ಹಿಂದಿನದರಲ್ಲಿ ಗುಬ್ಬಿಯ ಹುಡುಗ. ತಿರುಗಿ ನೋಡಿದಾಗ ಬೆಟ್ಟದ ಇಳಿಜಾರಿನಲ್ಲಿ ಬೆಂಕಿ.

"ನೋಡಿದ್ದನ್ನ ಮೇಲಿನವರಿಗೆ ತಿಳಿಸಿದ್ದೆ. ಹೆಣ ಸಿಗದೇ ಇದ್ರೆ ಕಾಣೆ ಅಂತಲೇ ತಂತಿ ಹೋಗೋದು," ಎಂದರು. "ಯುದ್ಧ ಮುಗಿದ ಮೇಲೆ ಗುಬ್ಬಿಗೆ ಹೋಗಿದ್ದೆ. ಹೇಳೋಕೆ ಅಂತಲೇ ಹೋಗಿದ್ದೆ. ಆ ಹುಡುಗಿ ಹಣೆ ತುಂಬ ಕುಂಕುಮ ಇಟ್ಕೊಂಡು ಕಾಫಿ ತಂದಿಟ್ಳು. ಕುಡಿದು ಎದ್ದು ಬಂದೆ."

"ಅದು ಅನ್ಯಾಯ, ದೊಡ್ಡಪ್ಪ. ಒಬ್ಬ ತಾಯಿ ಇಷ್ಟು ವರ್ಷ ಬಾಗಿಲು ನೋಡ್ಕೊಂಡು ಕೂತಿದಾರೆ."

"ಹೌದು."

"ಈಗ ಹೋಗಿ ಹೇಳೋದೂ ಅನ್ಯಾಯವೇ. ಆ ಕ್ಷೌರಿಕನನ್ನ ನೀವೇ ಕರೆಸಿದ ಹಾಗೆ."

"ಅದೂ ಹೌದು. ಮತ್ತೆ ಏನು ಮಾಡ್ಲಿ ಹೇಳು?" ಎಂದರು. ಅಷ್ಟೊಂದು ಜನಕ್ಕೆ ಆಜ್ಞೆ ಕೊಟ್ಟ ಮನುಷ್ಯ ನನ್ನನ್ನು ಹಾಗೆ ಕೇಳಿದ್ದು ಅದೊಂದೇ ಸಲ. ಅವರು ಸುಮ್ಮನಿರಲಿ ಎಂದೇ ನಾನು ಒಳಗೊಳಗೆ ಬಯಸಿದ್ದೆ.

ಆದರೆ ಅವರು ಗುಬ್ಬಿಗೆ ಹೊರಟರು, ನಾನೂ ಹೋದೆ. ಅವರಿಗೆ ಜಗಲಿಯ ಮೇಲೆ ಕುರ್ಚಿ ಹಾಕಿದರು, ಒಳಗೆ ಕರೆಯಲಿಲ್ಲ. ಮನೆಯವರಿಗೆಲ್ಲ ಬೆಳ್ಳಿ ಲೋಟ, ಅವರಿಗೆ ಮಾತ್ರ ಗಾಜಿನದು. ಕುಲಪುರೋಹಿತರು ಗಂಟಲು ಸರಿಮಾಡಿಕೊಂಡರು.

"ತಾವು ಸಮುದ್ರ ದಾಟಿದವರು. ಪ್ರಾಯಶ್ಚಿತ್ತ ಏನಾದ್ರೂ ಆಗಿದೆಯೋ?"

"ಇಲ್ಲ ಸ್ವಾಮಿ. ಹಡಗಲ್ಲಿ ಹೋದೆ, ಹಡಗಲ್ಲೇ ಬಂದೆ. ದೋಷ ಎರಡು ಸಲ ಹಿಡ್ಕೊಳ್ಳಿ," ಎಂದರು ದೊಡ್ಡಪ್ಪ. "ಕಣ್ಣಿಗೇನೂ ದೋಷ ಇಲ್ಲ. ನೋಡಿದ್ದನ್ನ ಹೇಳ್ಬಹುದಾ?"

ಅವರ ಪಂಕ್ತಿಗೆ ಬೇಡವಾದ ಮನುಷ್ಯ, ಅವರ ಕೆಲಸಕ್ಕೆ ಮಾತ್ರ ಬೇಕು! ಆಚಾರವೆಂಬುದು ತನಗೆ ಅನುಕೂಲವಾದಲ್ಲಿ ಎಷ್ಟು ಸಡಿಲವಾಗುತ್ತದೆಂದು ನಾನು ಅಲ್ಲೇ ಕಂಡೆ. ಪುರೋಹಿತರು ತಲೆಯಾಡಿಸಿದರು. ದೊಡ್ಡಪ್ಪ ಎಲ್ಲವನ್ನೂ ಹೇಳಿದರು: ಮೋಡ, ಆಜ್ಞೆ, ಬೆಂಕಿ. "ಹಾರಬೇಡ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ," ಎಂದೂ ಸೇರಿಸಿದರು. ಯಾವ ಸನ್ಮಾನ ಸಭೆಯಲ್ಲೂ ಅವರ ವೃತ್ತಿಯ ಈ ಅಧ್ಯಾಯ ಬಂದಿರಲಿಲ್ಲ.

ತಾಯಿ ಬಾಗಿಲ ಬಳಿ ಕುಳಿತಿದ್ದರು. ಅವರೂ ವಿಧವೆ, ಬೋಳಿಸಿದ ತಲೆಯ ಮೇಲೆ ಕೆಂಪು ಸೆರಗು. "ನನ್ನ ಮಗ ನೋವು ತಿಂದ್ನಾ?" ಎಂದು ಕೇಳಿದರು.

"ಇಲ್ಲ ತಾಯಿ. ಒಂದು ಕ್ಷಣ."

ಅದು ನಿಜವೋ ಅಲ್ಲವೋ ನಾನು ಇಂದಿಗೂ ಅರಿಯೆ. ಮುದುಕಿ ಅಳಲಿಲ್ಲ. ಮೈದುನ ಮಾತ್ರ ಆಗಲೇ ಪುರೋಹಿತರೊಂದಿಗೆ ದಿನ ಗೊತ್ತುಮಾಡಲು ಶುರುಮಾಡಿದ್ದರು: ದಹನ ಯಾವತ್ತು, ಹತ್ತನೇ ದಿನ ಯಾವತ್ತು. ದೊಡ್ಡಪ್ಪ ಕುರ್ಚಿಯಿಂದ ಎದ್ದರು.

"ಆ ಹೆಣ್ಣುಮಗಳ ಕೂದಲಿಗೆ ಕೈ ಹಾಕೋದಾದ್ರೆ ನನ್ನ ಸಾಕ್ಷಿ ಇಲ್ಲ. ನಾನೇನೂ ನೋಡಿಲ್ಲ. ಅವನು ಕಾಣೆ, ಅಷ್ಟೆ!"

ನನಗೆ ಹಿಗ್ಗಾಯಿತು, ನಮ್ಮ ಕಡೆಗೊಂದು ಅಸ್ತ್ರ ಸಿಕ್ಕಿತೆಂದುಕೊಂಡೆ. ಆಗ ಒಳಗಿನಿಂದ ಸೊಸೆ ಬಂದರು. ಎಲ್ಲರ ನಡುವೆ ನಿಂತರು. ಆ ಮನೆಯಲ್ಲಿ ಅದುವರೆಗೆ ಹಾಗೆ ನಿಂತವರಲ್ಲ.

"ಬೇಡಿ ಸಾರ್, ಹಿಂದಕ್ಕೆ ತಗೋಬೇಡಿ," ಎಂದರು. "ನೀವು ಅವತ್ತು ಕಾಫಿ ಕುಡಿದು, ಹೇಳದೇ ಹೋಗಿದ್ದಕ್ಕೆ ನಾನು ಓದಿದೆ, ಕೆಲಸಕ್ಕೆ ಸೇರಿದೆ. ಅದೂ ನನಗೆ ಗೊತ್ತು. ಆದ್ರೆ ಅವರಿಗೆ ಇಷ್ಟು ವರ್ಷ ಒಂದು ಹಿಡಿ ಪಿಂಡ ಇಟ್ಟವರಿಲ್ಲ. ದಹನ ಆಗ್ಲಿ. ಅವರ ಸಾವಿಗೆ ನನ್ನ ತಲೆಯನ್ನ ಷರತ್ತು ಮಾಡಬೇಡಿ, ಯಾರೂ." ಮೈದುನನ ಕಡೆ ತಿರುಗಿದರು. "ಕುಂಕುಮ ನಾನೇ ತೆಗೀತೀನಿ. ಕೂದಲು ಕೊಡಲ್ಲ. ಶಾಲೆ ಬಿಡಲ್ಲ."

"ಹಂಗಾದ್ರೆ ಈ ಮನೇಲಿ..." ಎಂದು ಮೈದುನ ಏನೋ ಹೇಳಹೊರಟರು.

"ಸುಮ್ನಿರೋ," ಎಂದರು ತಾಯಿ. ಸೊಸೆಯ ಪರವಾಗಿ ಅಲ್ಲ. ಆ ಹೊತ್ತಿಗೆ ಯಾರ ಮಾತೂ ಅವರಿಗೆ ಬೇಕಿರಲಿಲ್ಲ.

ದಹನ ಗುಬ್ಬಿಯ ಕೆರೆಯ ಬಳಿ ನಡೆಯಿತು. ದೊಡ್ಡಪ್ಪನಿಗೆ ಹತ್ತಿರ ನಿಲ್ಲಲು ಅನುಮತಿ ಇರಲಿಲ್ಲ. ದೂರದ ಹೊಂಗೆಮರದ ಕೆಳಗೆ ನಿಂತರು. ಕಡ್ಡಿಯ ಮನುಷ್ಯನಿಗೆ ಬೆಂಕಿ ಹತ್ತಿದಾಗ ಅವರು ಮುಖ ತಿರುಗಿಸಲಿಲ್ಲ.

ಹತ್ತನೆಯ ದಿನ ಮೈದುನ ಕ್ಷೌರಿಕನನ್ನು ಕರೆಸಿಯೇ ಬಿಟ್ಟರು. ಆಕೆ ಕೋಣೆಯ ಒಳಗಿನಿಂದ ಅಗುಳಿ ಹಾಕಿಕೊಂಡು ಕುಳಿತಿದ್ದರು. ಆಕೆಯೇ ಹೇಳಿಕಳಿಸಿದ್ದರಿಂದ ನಾನೂ ಅದೇ ಕೋಣೆಯಲ್ಲಿದ್ದೆ. ಬಾಗಿಲನ್ನು ಮೊದಲು ಮೈದುನ ಬಡಿದರು, ಆಮೇಲೆ ತಾಯಿ. ಬಡಿತ ನಿಂತಿತು. ಹೊರಗೆ ಮುದುಕಿ ಕ್ಷೌರಿಕನಿಗೆ ಹೇಳುವುದು ಕೇಳಿಸಿತು.

"ಹೋಗಪ್ಪ ನೀನು. ಒಂದು ಮನೆಗೆ ಒಂದು ಬೋಳುತಲೆ ಸಾಕು."

ಇದನ್ನು ಗೆಲುವೆಂದು ನಾನು ಕರಪತ್ರದಲ್ಲಿ ಬರೆದದ್ದುಂಟು. ಅದು ಪೂರ್ತಿ ನಿಜವಲ್ಲ. ಅಂದಿನಿಂದ ಅತ್ತೆ ಸೊಸೆಯ ಕೈಯ ನೀರು ಮುಟ್ಟಲಿಲ್ಲ. ಶಾಲೆಯಿಂದ ಕೆಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಕೂದಲಿರುವ ವಿಧವೆಯ ಮುಖ ನೋಡಿ ಮಗು ಅಕ್ಷರ ಕಲಿಯಬಾರದಂತೆ. ಹೆಚ್ಚಿನವರು ಬಿಡಿಸಲಿಲ್ಲ. ದೊಡ್ಡಪ್ಪ ಸನ್ಮಾನಗಳಿಗೆ ಹೋಗುವುದನ್ನು ನಿಲ್ಲಿಸಿದರು. ಅವರ ದಳದಲ್ಲಿ ಕಾಣೆಯಾದವರು ಇನ್ನೂ ಇದ್ದರು. ಒಬ್ಬೊಬ್ಬರ ಊರನ್ನು ಹುಡುಕಿಕೊಂಡು ರೈಲು ಹತ್ತತೊಡಗಿದರು. ಕೆಲವು ಮನೆಗಳಲ್ಲಿ ಅವರನ್ನು ಬೈದು ಕಳಿಸಿದರು. ಬೈಸಿಕೊಂಡು ಬಂದರು.

ಅರವತ್ತರ ದಶಕದ ಆರಂಭದಲ್ಲಿ ಒಮ್ಮೆ ಗುಬ್ಬಿಗೆ ಹೋಗಿದ್ದೆ. ಆ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು, ಒಂದು ಅತ್ತೆಯದು, ಒಂದು ಸೊಸೆಯದು. ಆಕೆ ಜಡೆ ಹೆಣೆದುಕೊಂಡು, ಕೊಡೆ ಹಿಡಿದು, ಶಾಲೆಗೆ ಹೊರಟಿದ್ದರು. ಮುದುಕಿ ಜಗಲಿಯಿಂದ ಮುಖ ಆಚೆ ತಿರುಗಿಸಿಕೊಂಡೇ ಕೂಗಿದರು: "ಮೋಡ ಆಗಿದೆ, ಬೇಗ ಬಾ."